ಪೈ ಮೇಲೆ ಕೂರುವ ಬೋರ್ಡುಗಳು

2012ರ ಫೆಬ್ರವರಿ 29ರಂದು ರಾಸ್ಪ್‌ಬೆರಿ ಪೈ ಮಾರಾಟಕ್ಕೆ ಬಂದಾಗ ಸುದ್ದಿಯಾದದ್ದು ಅದರ 35 ಡಾಲರ್ ಬೆಲೆ. ಅಂಗೈಯಗಲದ ಬೋರ್ಡಿನಲ್ಲಿ ಇಡೀ ಲಿನಕ್ಸ್ ಕಂಪ್ಯೂಟರ್ ಸಿಗುತ್ತದೆ ಎಂಬುದೇ ಆಗ ದೊಡ್ಡ ಮಾತಾಗಿತ್ತು. ಹವ್ಯಾಸಿಗಳು ಮಾತ್ರ ಬೋರ್ಡಿನ ಅಂಚಿನಲ್ಲಿ ಎರಡು ಸಾಲಾಗಿ ನಿಂತಿದ್ದ 26 ಪಿನ್‌ಗಳಿಗೆ ಮನಸೋತರು. ಉಷ್ಣತೆಯ ಸೆನ್ಸರ್, ಪುಟ್ಟ ಡಿಸ್‌ಪ್ಲೇ, ರಿಲೇ, ಗಡಿಯಾರದ ಮಾಡ್ಯೂಲ್, ರೇಡಿಯೊ, ಹೀಗೆ ಬೇಕಾದ್ದನ್ನು ಅಲ್ಲಿ ಜೋಡಿಸಬಹುದಿತ್ತು. ಆ ಪಿನ್‌ಗಳ ಸುತ್ತ ಬೆಳೆದ ಆಡ್‌ಆನ್ ಬೋರ್ಡುಗಳ ಚರಿತ್ರೆಯನ್ನು ದಿನೇದಿನೇ ಸುಲಭವಾಗುತ್ತ ಬಂದ ಕತೆಯಾಗಿ ಹೇಳುವುದು ವಾಡಿಕೆ: ಮೊದಲು ಜಂಪರ್ ವೈರು, ಆಮೇಲೆ ಒತ್ತಿ ಕೂರಿಸಿದರೆ ಸಾಕೆನ್ನುವ ಬೋರ್ಡು, ಕೊನೆಗೆ ತನ್ನ ಗುರುತನ್ನು ತಾನೇ ಹೇಳಿಕೊಳ್ಳುವ ಬೋರ್ಡು. ಇದು ಅರ್ಧ ನಿಜ ಅಷ್ಟೆ. ಜೋಡಿಸುವ ಕಷ್ಟ ಎಲ್ಲಿಗೂ ಹೋಗಿಲ್ಲ, ವೈರಿನಿಂದ ಸಾಫ್ಟ್‌ವೇರಿಗೆ ವರ್ಗವಾಗಿದೆ. ಆದ್ದರಿಂದ ಇವತ್ತು ಆಡ್‌ಆನ್ ಕೊಳ್ಳುವವರು ಮೊದಲು ಕೇಳಬೇಕಾದದ್ದು ಅದರ ಮೇಲೆ ಯಾವ ಚಿಪ್ ಇದೆ, ಆ ಚಿಪ್‌ನ ಡ್ರೈವರ್ ಲಿನಕ್ಸ್ ಕರ್ನಲ್‌ನೊಳಗೆ ಇದೆಯೇ ಎಂದು. ಬ್ರ್ಯಾಂಡು, ಬೆಲೆ, ಅಂದಚಂದ ಎಲ್ಲ ಆಮೇಲಿನ ಮಾತು.

ಬೋರ್ಡಿನ ಮೇಲೆ ಬೋರ್ಡು ಕೂರಿಸುವ ಪದ್ಧತಿ ಪೈಗಿಂತ ಹಳೆಯದು. 2005ರಲ್ಲಿ ಇಟಲಿಯ ಇವ್ರಿಯಾದಲ್ಲಿ ಹುಟ್ಟಿದ ಆರ್ಡುಯಿನೊ, ಶೀಲ್ಡ್ ಎಂಬ ಮೇಲ್ಬೋರ್ಡುಗಳನ್ನು ಜನಪ್ರಿಯಗೊಳಿಸಿತು. ಆರ್ಡುಯಿನೊದಲ್ಲಿ ಆಪರೇಟಿಂಗ್ ಸಿಸ್ಟಂ ಇರಲಿಲ್ಲ. ಒಂದು ಲೈಬ್ರರಿ ಸೇರಿಸಿ ಪ್ರೋಗ್ರಾಂ ತುಂಬಿದರೆ ಕೆಲಸ ಮುಗಿಯಿತು, ಹತ್ತು ವರ್ಷ ಬಿಟ್ಟು ನೋಡಿದರೂ ಅದೇ ಪ್ರೋಗ್ರಾಂ ಹಾಗೇ ಓಡುತ್ತಿರುತ್ತದೆ. ಲಿನಕ್ಸ್ ಓಡಿಸುವ ಬೋರ್ಡಿಗೆ ಈ ಸುಖವಿಲ್ಲ. ಯಾವ ಪಿನ್ನಿಗೆ ಏನು ಕಟ್ಟಿದ್ದಾರೆಂದು ಕರ್ನಲ್‌ಗೆ ಯಾರಾದರೂ ಹೇಳಬೇಕು. 2011ರಲ್ಲಿ ಬಂದ ಬೀಗಲ್‌ಬೋನ್ ಇದಕ್ಕೊಂದು ಉತ್ತರ ಕಂಡುಕೊಂಡಿತು: ಕೇಪ್ ಎನ್ನುವ ಅದರ ಮೇಲ್ಬೋರ್ಡುಗಳಲ್ಲಿ ಒಂದು ಚಿಕ್ಕ ಇಇಪ್ರಾಮ್ ಇಟ್ಟು, ಬೋರ್ಡಿನ ಹೆಸರು ಮತ್ತು ಬಳಸುವ ಪಿನ್‌ಗಳನ್ನು ಅದರಲ್ಲಿ ಬರೆಯುವುದು. ಮೊದಲ ಪೈಯಲ್ಲಿ ಅಂಥದ್ದೇನೂ ಇರಲಿಲ್ಲ. ಮೇಲ್ಬೋರ್ಡಿನ ಅಳತೆಗೂ ನಿಯಮವಿರಲಿಲ್ಲ, ಬಿಗಿಯಲು ತೂತುಗಳಿರಲಿಲ್ಲ. 2012ರಲ್ಲೇ ಬಂದ ಅದರ ಎರಡನೇ ಆವೃತ್ತಿಯಲ್ಲಿ, ಸೆನ್ಸರ್‌ಗಳು ಮಾತಾಡುವ ಐ2ಸಿ ಬಸ್ಸಿನ ಸಂಖ್ಯೆ 0ರಿಂದ 1ಕ್ಕೆ ಬದಲಾಯಿತು. ಹಳೆಯ ಟ್ಯುಟೋರಿಯಲ್ ನೋಡಿ ಆಜ್ಞೆ ಕೊಟ್ಟವರಿಗೆ, ಸರಿಯಾಗಿ ಜೋಡಿಸಿದ ಸೆನ್ಸರ್ ಕೂಡ ಕಾಣಿಸುತ್ತಿರಲಿಲ್ಲ.

ವೈರಿನ ಕಾಲದ ನಿಜವಾದ ಪಾಠ ವೋಲ್ಟೇಜಿನದು. ಪೈ ಪಿನ್‌ಗಳು ತಡೆಯುವುದು 3.3 ವೋಲ್ಟ್, ಅಂಗಡಿಯಲ್ಲಿ ಸಿಗುತ್ತಿದ್ದ ಮಾಡ್ಯೂಲ್‌ಗಳಲ್ಲಿ ಬಹಳಷ್ಟು ಆರ್ಡುಯಿನೊದ 5 ವೋಲ್ಟ್‌ಗೆಂದು ಮಾಡಿದವು. ದೂರ ಅಳೆಯುವ ಎಚ್‌ಸಿ-ಎಸ್‌ಆರ್04 ತನ್ನ ಎಕೊ ಪಿನ್ನಿನಲ್ಲಿ 5 ವೋಲ್ಟ್ ಕಳಿಸುತ್ತದೆ. ನಡುವೆ 1 ಕಿಲೋಓಮ್ ಮತ್ತು 2 ಕಿಲೋಓಮ್ ರೆಸಿಸ್ಟರ್‌ಗಳನ್ನು ಹಾಕಿ ಇಳಿಸದಿದ್ದರೆ ಪೈಗೆ ಪೆಟ್ಟು. ಹದಿನಾರು ಅಕ್ಷರದ ಎರಡು ಸಾಲಿನ ಎಲ್‌ಸಿಡಿಗೆ ಬೆನ್ನಿಗಂಟಿಸಿ ಕೊಡುವ ಪಿಸಿಎಫ್8574 ಬೋರ್ಡಿನದು ಇನ್ನೂ ಕುತೂಹಲದ ಸಂಗತಿ. ಅದರ ಪುಲ್‌ಅಪ್ ರೆಸಿಸ್ಟರ್‌ಗಳು ಐ2ಸಿ ತಂತಿಗಳನ್ನು 5 ವೋಲ್ಟ್ ಕಡೆಗೆ ಎಳೆಯುತ್ತವೆ, ಪೈಯೊಳಗಿನ 1.8 ಕಿಲೋಓಮ್ ರೆಸಿಸ್ಟರ್‌ಗಳು 3.3ರ ಕಡೆಗೆ ಎಳೆಯುತ್ತವೆ. ಎಲ್‌ಸಿಡಿ ಕಡೆ 4.7 ಕಿಲೋಓಮ್ ಇದ್ದರೆ ಲೆಕ್ಕ ಬಂದು ನಿಲ್ಲುವುದು ಸುಮಾರು 3.8 ವೋಲ್ಟ್‌ಗೆ. ನಿಗದಿತ ಮಿತಿ ಮೀರಿದ್ದು ನಿಜ, ಆದರೆ ತಕ್ಷಣ ಸುಡುವಷ್ಟಲ್ಲ. "ನಾನು ನೇರ ಜೋಡಿಸಿದೆ, ಏನೂ ಆಗಲಿಲ್ಲ" ಎನ್ನುವವರ ಧೈರ್ಯದ ಹಿಂದಿರುವುದು ಈ ಗಣಿತ. ಲೆವೆಲ್ ಶಿಫ್ಟರ್‌ನ ಅಲ್ಪ ಬೆಲೆ ಉಳಿಸಲು ಇದನ್ನು ನಂಬುವುದು ಜಾಣತನವಲ್ಲ.

2014ರ ಜುಲೈಯಲ್ಲಿ ಬಂದ ಬಿ ಪ್ಲಸ್ ಮಾದರಿ ಪಿನ್‌ಗಳನ್ನು 40ಕ್ಕೆ ಏರಿಸಿತು, ಅದರ ಬೆನ್ನಿಗೇ ಹ್ಯಾಟ್ ಎಂಬ ನಿಯಮಾವಳಿ ಹೊರಬಿತ್ತು. ಸುಮಾರು 65 ಮತ್ತು 56 ಮಿಲಿಮೀಟರಿನ ಅಳತೆ, ನಾಲ್ಕು ತೂತು, 27 ಮತ್ತು 28ನೇ ಪಿನ್‌ಗಳಿಗೆ ಸೇರಿದ ಇಇಪ್ರಾಮ್. ಪೈ ಬೂಟ್ ಆಗುವಾಗ ಇದನ್ನು ಓದಿ, ಯಾವ ಪಿನ್ನಿನಲ್ಲಿ ಏನಿದೆಯೆಂದು ಕರ್ನಲ್‌ಗೆ ಹೇಳುವ ಡಿವೈಸ್ ಟ್ರೀ ಓವರ್‌ಲೇಯನ್ನು ತಾನೇ ಹೇರಿಕೊಳ್ಳುತ್ತದೆ. ಬಳಕೆದಾರ ಮಾಡಬೇಕಾದ್ದು ಏನೂ ಇಲ್ಲ, ಕನಿಷ್ಠ ಕಾಗದದ ಮೇಲಂತೂ ಹಾಗಿತ್ತು. ಇದೇ ಡಿವೈಸ್ ಟ್ರೀ 2015ರ ಆರಂಭದಲ್ಲಿ 3.18 ಕರ್ನಲ್ ಜೊತೆ ಎಲ್ಲರ ಪೈಗೂ ಬಂದಾಗ, ಅಲ್ಲಿಯವರೆಗೆ ನೆಟ್ಟಗೆ ನಡೆಯುತ್ತಿದ್ದ ಎಷ್ಟೋ ಸೆನ್ಸರ್‌ಗಳು ಒಂದೇ ಅಪ್‌ಡೇಟಿಗೆ ಮೌನವಾದವು. ಮೊದಲು ಬ್ಲ್ಯಾಕ್‌ಲಿಸ್ಟ್ ಫೈಲಿನ ಒಂದು ಸಾಲು ತೆಗೆದರೆ ಐ2ಸಿ ಜೀವ ಪಡೆಯುತ್ತಿತ್ತು. ಈಗ ಕಾನ್ಫಿಗ್ ಫೈಲಿನಲ್ಲಿ ಬೇರೆಯೇ ಸಾಲು ಬರೆಯಬೇಕಾಯಿತು. ಮರುವರ್ಷ ಪೈ 3 ಬಂದಾಗ ಇದರದೇ ಇನ್ನೊಂದು ರೂಪ: ಹೊಸ ಬ್ಲೂಟೂತ್‌ಗೆ ಒಳ್ಳೆಯ ಸೀರಿಯಲ್ ಪೋರ್ಟನ್ನು ಕೊಟ್ಟು, ಪಿನ್‌ಗಳಿಗೆ ಮಿನಿ ಯುಆರ್ಟ್ ಅನ್ನು ಉಳಿಸಿದರು. ಅದರ ವೇಗ ಚಿಪ್‌ನ ಒಳಗಡಿಯಾರಕ್ಕೆ ಕಟ್ಟುಬಿದ್ದದ್ದು. ಗಡಿಯಾರ ಏರಿಳಿದಂತೆ ಜಿಪಿಎಸ್ ಮಾಡ್ಯೂಲ್‌ಗಳ ಅಕ್ಷರಗಳು ಕಲಸಿಹೋದವು. ಒಂದು ವೈರೂ ಅಲ್ಲಾಡಿರಲಿಲ್ಲ.

ಈ ಎಲ್ಲ ಬದಲಾವಣೆಗಳ ನಿಜವಾದ ಪರೀಕ್ಷೆ ನಡೆದದ್ದು 2023ರ ಅಕ್ಟೋಬರಿನಲ್ಲಿ, ಪೈ 5 ಜೊತೆಗೆ. ಅದುವರೆಗಿನ ಪೈಗಳಲ್ಲಿ ಪಿನ್‌ಗಳು ಮುಖ್ಯ ಚಿಪ್‌ಗೇ ನೇರ ಸೇರಿದ್ದವು. ಪೈ 5ರಲ್ಲಿ ಅವು ಆರ್‌ಪಿ1 ಎಂಬ ಬೇರೆ ಚಿಪ್‌ನ ಪಾಲಾದವು. ಅದು ಪಿಸಿಐಇ ಮೂಲಕ ಮುಖ್ಯ ಚಿಪ್‌ಗೆ ಸೇರುತ್ತದೆ. ಪಿನ್‌ಗಳ ಜಾಗ ಒಂದಿಷ್ಟೂ ಬದಲಾಗಲಿಲ್ಲ, ಹಳೆಯ ಹ್ಯಾಟ್‌ಗಳು ಅಚ್ಚುಕಟ್ಟಾಗಿ ಕೂತವು. ಆದರೆ ಮುಖ್ಯ ಚಿಪ್‌ನ ರಿಜಿಸ್ಟರ್‌ಗಳಿಗೆ ನೇರ ಕೈಹಾಕುತ್ತಿದ್ದ ಲೈಬ್ರರಿಗಳು ಕೆಲಸ ನಿಲ್ಲಿಸಿದವು: ಪೈಥಾನ್ ಪಾಠಗಳಲ್ಲೆಲ್ಲ ಕಾಣುವ ಆರ್‌ಪಿಐ.ಜಿಪಿಐಒ, ಸಮಯದ ನಿಖರತೆಗೆ ಹೆಸರಾದ ಪಿಗ್‌ಪಿಯೊ, ಬಣ್ಣದ ಎಲ್‌ಇಡಿ ಸರಗಳನ್ನು ಉರಿಸುತ್ತಿದ್ದ ಲೈಬ್ರರಿ. ಕರ್ನಲ್ ಡ್ರೈವರ್ ನೆಚ್ಚಿಕೊಂಡವಕ್ಕೆ ಇಷ್ಟು ಪೆಟ್ಟಾಗಲಿಲ್ಲ. ಡಿಎಸ್3231 ಗಡಿಯಾರ, ಎಂಸಿಪಿ2515 ಕ್ಯಾನ್ ಬಸ್ ಚಿಪ್, ಎಡಿಎಸ್1115 ಅನಲಾಗ್ ಚಿಪ್ ಇವುಗಳ ಓವರ್‌ಲೇ ಸಾಲನ್ನು ಕಾನ್ಫಿಗ್ ಫೈಲಿಗೆ ಸೇರಿಸಿದರೆ ಮುಗಿಯಿತು. ಕೆಳಗಿನ ಯಂತ್ರ ಬದಲಾಗಿದೆಯೆಂಬ ಸಂಗತಿ ಅವುಗಳವರೆಗೆ ಹೋಗುವುದೇ ಇಲ್ಲ. ಅಚ್ಚರಿಯೆಂದರೆ, ಹೀಗೆ ಉಳಿದವುಗಳಲ್ಲಿ ಎಷ್ಟೋ ಅಗ್ಗದ, ಹೆಸರಿಲ್ಲದ ಮಾಡ್ಯೂಲ್‌ಗಳು. ಬಿದ್ದವುಗಳಲ್ಲಿ ಎಷ್ಟೋ ದುಬಾರಿ, ಚಂದದ ಡಬ್ಬಿಯಲ್ಲಿ ಬಂದವು.

ಧ್ವನಿಯ ಬೋರ್ಡುಗಳಲ್ಲಿ ಈ ವ್ಯತ್ಯಾಸ ಕಣ್ಣಿಗೆ ಹೊಡೆದಂತೆ ಕಾಣುತ್ತದೆ. ಪಿಸಿಎಂ5102 ಚಿಪ್ ಇರುವ ಯಾವ ಅನಾಮಧೇಯ ಡ್ಯಾಕ್ ತಂದರೂ, ಹೈಫೈಬೆರಿ ಕಂಪನಿ ತನ್ನ ಬೋರ್ಡಿಗೆಂದು ಕರ್ನಲ್‌ಗೆ ಸೇರಿಸಿದ ಓವರ್‌ಲೇಯಲ್ಲೇ ಅದು ಹಾಡುತ್ತದೆ, ಏಕೆಂದರೆ ಚಿಪ್‌ಗೆ ಬೇಕಾದ್ದು ಸರಿಯಾದ ಐ2ಎಸ್ ಸಂಕೇತ ಮಾತ್ರ. ಇನ್ನೊಂದು ಕಡೆ, ಎರಡು ಮೈಕ್ ಹೊತ್ತ ಜನಪ್ರಿಯ ಬೋರ್ಡೊಂದರ ಪಾಡು ನೋಡಿ. ಅದರ ಡಬ್ಲ್ಯೂಎಂ8960 ಚಿಪ್‌ನ ಡ್ರೈವರ್ ಕರ್ನಲ್‌ನಲ್ಲಿ ವರ್ಷಗಳಿಂದ ಇತ್ತು. ಆದರೂ ತಯಾರಕರು ತಮ್ಮದೇ ಪ್ರತ್ಯೇಕ ಡ್ರೈವರ್ ಕಟ್ಟಿ ಹಂಚಿದರು. ಕರ್ನಲ್ ಮುಂದೆ ಸಾಗಿದಂತೆಲ್ಲ ಅದನ್ನು ಮತ್ತೆ ಕಂಪೈಲ್ ಮಾಡಬೇಕು, ಒಮ್ಮೊಮ್ಮೆ ತಿದ್ದಬೇಕು. ತಿದ್ದುವವರ ಉತ್ಸಾಹ ತಗ್ಗಿದ ದಿನ ಬೋರ್ಡು ಮೂಕ. ಚಿಪ್‌ನ ತಪ್ಪಿಲ್ಲ, ಬೋರ್ಡಿನ ತಾಮ್ರದ ತಪ್ಪೂ ಅಲ್ಲ. ಮೂರೂವರೆ ಇಂಚಿನ ಅಗ್ಗದ ಟಚ್ ಡಿಸ್‌ಪ್ಲೇಗಳದೂ ಇದೇ ಹಣೆಬರಹ. ಜೊತೆಗೆ ಕೊಡುವ ಸ್ಕ್ರಿಪ್ಟ್ ಓಡಿಸಿದರೆ ಅದು ಕಾನ್ಫಿಗ್ ಫೈಲನ್ನು ಸಾರಾಸಗಟಾಗಿ ಬದಲಿಸಿ, ಹಳೆಯ ಗ್ರಾಫಿಕ್ಸ್ ವ್ಯವಸ್ಥೆ ಇದೆಯೆಂದು ನಂಬಿ ನಡೆಯುತ್ತದೆ. ಹೊಸ ಓಎಸ್‌ನಲ್ಲಿ ಆ ವ್ಯವಸ್ಥೆಯೇ ಇಲ್ಲ, ಉಳಿಯುವುದು ಬೆಳ್ಳಗಿನ ಪರದೆ.

ಕೊಳ್ಳುವ ಮಾತಿಗೆ ಬಂದರೆ, ಚಿಪ್ ನೋಡಿ ಕೊಳ್ಳಿ ಎಂಬ ಸಲಹೆ ನಮ್ಮಲ್ಲಿ ಇನ್ನಷ್ಟು ಮುಖ್ಯ. 2020ರ ನವೆಂಬರಿನಲ್ಲಿ ಭಾರತ ಸರ್ಕಾರ ಅಲಿಎಕ್ಸ್‌ಪ್ರೆಸ್ ಆ್ಯಪನ್ನು ನಿಷೇಧಿಸಿದ ಮೇಲೆ ಶೆನ್‌ಜೆನ್‌ನಿಂದ ಹವ್ಯಾಸಿಗಳ ಮನೆಬಾಗಿಲಿಗೇ ಬರುತ್ತಿದ್ದ ಪುಟ್ಟ ಪೊಟ್ಟಣಗಳ ದಾರಿ ಮುಚ್ಚಿತು. ಮಾಲು ಮಾತ್ರ ಅದೇ. ಈಗ ದೇಶಿ ಆನ್‌ಲೈನ್ ಅಂಗಡಿಗಳು, ಬೆಂಗಳೂರಿನ ಎಸ್.ಪಿ. ರೋಡಿನಂಥ ಬೀದಿಗಳು ತರಿಸಿ ಮಾರುತ್ತವೆ. ನಡುವೆ ಹೆಸರು ಅದಲುಬದಲಾಗುವ ಅವಕಾಶವೂ ಇದೆ. ಬಿಎಂಇ280 ಎಂದು ಕೊಂಡದ್ದರಲ್ಲಿ ಬಿಎಂಪಿ280 ಇರುವುದು ಈ ಮಾರುಕಟ್ಟೆಯ ಹಳೆಯ ಚಾಳಿ. ಮೊದಲನೆಯದು ಉಷ್ಣತೆ, ಒತ್ತಡ, ತೇವಾಂಶ ಮೂರನ್ನೂ ಅಳೆಯುತ್ತದೆ, ಎರಡನೆಯದಕ್ಕೆ ತೇವಾಂಶ ಗೊತ್ತಿಲ್ಲ. ಕಣ್ಣಿಟ್ಟು ನೋಡಿದರೆ ಬಿಎಂಇಯ ಲೋಹದ ಮುಚ್ಚಳ ಚೌಕ, ಬಿಎಂಪಿಯದು ತುಸು ಉದ್ದ. ಇನ್ನೂ ಖಚಿತವಾಗಬೇಕಾದರೆ ಚಿಪ್‌ನ ಗುರುತಿನ ರಿಜಿಸ್ಟರ್ ಓದಬೇಕು: ಬಿಎಂಇ ಆದರೆ ಹೆಕ್ಸ್‌ನಲ್ಲಿ 60, ಬಿಎಂಪಿ ಆದರೆ 58. ಕೊಂಡ ದಿನವೇ ಇದನ್ನು ಮಾಡಿದರೆ ಹಿಂದಿರುಗಿಸಲು ಅವಕಾಶವಿರುತ್ತದೆ. ಡಿಎಸ್3231 ಗಡಿಯಾರದ ಮಾಡ್ಯೂಲ್ ಅಸಲಿ ಇದ್ದರೂ ಒಂದು ಎಚ್ಚರ ಬೇಕು. ಬಹಳಷ್ಟು ಬೋರ್ಡುಗಳಲ್ಲಿ ಚಾರ್ಜ್ ಆಗುವ ಎಲ್‌ಐಆರ್2032 ಸೆಲ್ಲಿಗೆಂದು ಚಾರ್ಜಿಂಗ್ ಸರ್ಕ್ಯೂಟ್ ಇದೆ, ಅದಕ್ಕೆ ಸಾಮಾನ್ಯ ಸಿಆರ್2032 ಹಾಕಿ 5 ವೋಲ್ಟ್ ಕೊಡುವುದು ಅಪಾಯ. ಲೋರಾ ರೇಡಿಯೊ ಕೊಳ್ಳುವವರಿಗೆ ಕಾನೂನಿನ ಪ್ರಶ್ನೆಯೂ ಇದೆ. ಬೋರ್ಡುಗಳು 868 ಮತ್ತು 915 ಮೆಗಾಹರ್ಟ್ಸ್ ಎಂದು ಎರಡು ಬಗೆಯಲ್ಲಿ ಬರುತ್ತವೆ, ಭಾರತದಲ್ಲಿ ಲೈಸೆನ್ಸ್ ಇಲ್ಲದೆ ಬಳಸಲು ಬಿಟ್ಟಿರುವುದು 865ರಿಂದ 868ರ ಪಟ್ಟಿ. ಹಾಗಾಗಿ 868ರದನ್ನು ಕೊಂಡು ಸಾಫ್ಟ್‌ವೇರಿನಲ್ಲಿ ಆವರ್ತನವನ್ನು ಈ ಪಟ್ಟಿಯೊಳಕ್ಕೆ ತಗ್ಗಿಸಿಕೊಳ್ಳಬೇಕು. 915ರ ಬೋರ್ಡು ಎಷ್ಟು ಅಗ್ಗಕ್ಕೆ ಸಿಕ್ಕರೂ ಇಲ್ಲಿ ಉಪಯೋಗವಿಲ್ಲ.

ಚಿಪ್ ನೋಡಿ ಕೊಳ್ಳಿ ಎಂಬ ಸಲಹೆಗೆ ಬರುವ ಮೊದಲ ಆಕ್ಷೇಪ, ಹೊಸಬರು ಚಿಪ್ ಹೆಸರು ಹಿಡಿದು ಕರ್ನಲ್ ಮೂಲ ಜಾಲಾಡುತ್ತ ಕೂರಬೇಕೇ, ಅದಕ್ಕಾಗಿಯೇ ಹ್ಯಾಟ್ ಬಂದದ್ದಲ್ಲವೇ ಎಂಬುದು. ಒಪ್ಪುವ ಮಾತು. ಒಂದು ವಾರದ ಕಲಿಕೆಗೆ, ಶಾಲೆಯ ಪ್ರಾಜೆಕ್ಟಿಗೆ, ಚೆನ್ನಾಗಿ ಬರೆದ ಕೈಪಿಡಿಯಿರುವ ಬ್ರ್ಯಾಂಡಿನ ಹ್ಯಾಟ್ ಕೊಟ್ಟ ಹಣಕ್ಕೆ ಮೋಸವಿಲ್ಲ. ಆದರೆ ಹ್ಯಾಟ್‌ನ ಇಇಪ್ರಾಮ್ ಹೇಳುವುದು ಯಾವ ಓವರ್‌ಲೇ ಬೇಕೆಂದು ಮಾತ್ರ, ಆ ಓವರ್‌ಲೇ ಕರೆಯುವ ಡ್ರೈವರ್ ಮುಂದಿನ ಕರ್ನಲ್‌ನಲ್ಲಿ ಇರುತ್ತದೆಂಬ ಭರವಸೆಯನ್ನು ಅದು ಕೊಡಲಾರದು. 2023ರ ಡಿಸೆಂಬರಿನಲ್ಲಿ ಬಂದ ಹ್ಯಾಟ್ ಪ್ಲಸ್ ನಿಯಮಾವಳಿ ಅಳತೆಯ ಬಿಗಿ ಸಡಿಲಿಸಿತು, ಪೈ ಮಲಗಿರುವಾಗ 3.3 ವೋಲ್ಟ್ ಇಲ್ಲದೆ 5 ವೋಲ್ಟ್ ಮಾತ್ರ ಇರುವ ಸ್ಥಿತಿಯನ್ನು ಬೋರ್ಡು ತಾಳಬೇಕೆಂದಿತು. ಎಲ್ಲ ಒಳ್ಳೆಯದೇ. ಡ್ರೈವರ್ ಯಾರು ಸಾಕಬೇಕೆಂಬುದು ಅದರ ವ್ಯಾಪ್ತಿಗೆ ಬರುವುದಿಲ್ಲ.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿ. ಕರ್ನಲ್ ಡ್ರೈವರ್ ಇಲ್ಲದ, ಆದರೆ ಸಮುದಾಯ ಚೆನ್ನಾಗಿ ನೋಡಿಕೊಳ್ಳುವ ಲೈಬ್ರರಿಗಳು ಇಲ್ಲವೇ? ಇವೆ. ಜಿಪಿಐಒ ಜೀರೊ ಎಂಬ ಪೈಥಾನ್ ಲೈಬ್ರರಿ ಒಳಗಿನ ಹಳೆಯ ಆಧಾರ ಬಿಟ್ಟು ಹೊಸದನ್ನು ಹಿಡಿದು ಪೈ 5ರಲ್ಲೂ ನಡೆಯಿತು, ಬಳಕೆದಾರರ ಪ್ರೋಗ್ರಾಂಗಳನ್ನು ಮುಟ್ಟಬೇಕಾಗಲಿಲ್ಲ. ಆದರೆ ಅದೇ ಕಾಲದ ವೈರಿಂಗ್‌ಪೈ ಲೈಬ್ರರಿಯ ಕರ್ತೃ 2019ರಲ್ಲಿ ಅದನ್ನು ಕೈಬಿಟ್ಟರು. ಅಸಂಖ್ಯ ಪ್ರಾಜೆಕ್ಟುಗಳು ಒಬ್ಬ ವ್ಯಕ್ತಿಯ ಬಿಡುವಿನ ವೇಳೆಯ ಮೇಲೆ ನಿಂತಿದ್ದವು ಎಂಬುದು ಆಗಷ್ಟೇ ಬಹುಮಂದಿಗೆ ತಿಳಿದದ್ದು. ಅಂದರೆ ಲೈಬ್ರರಿ ಮೇಲೂ ನಂಬಿಕೆ ಇಡಬಹುದು, ಹಿಂದೆ ಎಷ್ಟು ಕೈಗಳಿವೆ ಎಂದು ನೋಡಿಕೊಂಡರೆ. ಕರ್ನಲ್‌ನೊಳಗಿನ ಡ್ರೈವರ್‌ಗೆ ಇರುವ ಅನುಕೂಲ, ಒಳಗಿನ ವ್ಯವಸ್ಥೆ ಬದಲಿಸುವವರೇ ಅದನ್ನೂ ಜೊತೆಗೆ ತಿದ್ದಬೇಕೆಂಬ ಶಿಸ್ತು. ಮೈಕ್ರೋಸೆಕೆಂಡಿನ ಲೆಕ್ಕ ಬೇಡುವ ಕೆಲಸಗಳನ್ನು ಲಿನಕ್ಸ್ ಮೇಲೆ ಹೇರದೆ, 2021ರಲ್ಲಿ 4 ಡಾಲರಿಗೆ ಬಂದ ಪೈ ಪಿಕೊದಂಥ ಮೈಕ್ರೊಕಂಟ್ರೋಲರಿಗೆ ಕೊಟ್ಟು ಯುಎಸ್‌ಬಿಯಲ್ಲಿ ಮಾತಾಡಿಸುವುದೇ ಮೇಲು ಎನ್ನುವವರ ವಾದವನ್ನೂ ನಾನು ಪೂರ್ತಿ ಒಪ್ಪುತ್ತೇನೆ. ಎಲ್‌ಇಡಿ ಸರ, ಸರ್ವೊ ಮೋಟಾರು, ಎಚ್‌ಸಿ-ಎಸ್‌ಆರ್04 ಇವೆಲ್ಲ ಅಲ್ಲಿಗೇ ಸೇರಿದವು.

ನಮ್ಮ ಮಾರಾಟಗಾರರು ಮನಸ್ಸು ಮಾಡಿದರೆ ಈ ಗೊಂದಲದಲ್ಲಿ ಅರ್ಧ ನಾಳೆಯೇ ಕಡಿಮೆಯಾದೀತು. ಬೋರ್ಡಿನ ಫೋಟೊ ಮತ್ತು "ಎಲ್ಲ ಪೈಗಳಿಗೂ ಹೊಂದುತ್ತದೆ" ಎಂಬ ಸಾಲಿನ ಬದಲು ಮೂರು ಮಾಹಿತಿ ಅಚ್ಚು ಮಾಡಲಿ: ಬೋರ್ಡಿನ ಮೇಲಿರುವ ಚಿಪ್‌ನ ಪೂರ್ತಿ ಹೆಸರು, ಬೇಕಾದ ಓವರ್‌ಲೇಯ ಹೆಸರು, ಕೊನೆಯದಾಗಿ ಪರೀಕ್ಷಿಸಿದ ಓಎಸ್ ಆವೃತ್ತಿ. ಅದು ಬರೆಯದ ಕಡೆ ಕೊಳ್ಳುವ ಮೊದಲು ಕೇಳಿ. ಉತ್ತರ ಬರದಿದ್ದರೆ ಅದೇ ಚಿಪ್ ಇರುವ ಬೇರೆ ಬೋರ್ಡು ಹುಡುಕಿ.