ಕೊಂಡಿ ಕೊಟ್ಟವರು ಯಾರು?

1996ರಲ್ಲಿ ಹೊರಬಂದ ಎಚ್‌ಟಿಟಿಪಿ ನಿಯಮಾವಳಿಯಲ್ಲಿ ಒಂದು ಕಾಗುಣಿತದ ತಪ್ಪಿದೆ. ಓದುಗ ಯಾವ ಪುಟದಿಂದ ಬಂದನೆಂದು ಬ್ರೌಸರ್ ಸರ್ವರ್‌ಗೆ ತಿಳಿಸುವ ಸಾಲಿನ ಹೆಸರು ‘ರೆಫರರ್’. ಇಂಗ್ಲಿಷಿನಲ್ಲಿ ಅದನ್ನು ಬರೆಯುವಾಗ ಜೋಡಿ ‘ಆರ್’ಗಳಲ್ಲಿ ಒಂದು ಬಿಟ್ಟುಹೋಯಿತು. ತಿದ್ದಲು ಕಾಲ ಮೀರಿತ್ತು. ತಪ್ಪು ಇಂದಿಗೂ ಹಾಗೆಯೇ ಉಳಿದಿದೆ. ತಮ್ಮ ತಾಣಕ್ಕೆ ಯಾರು ಕೊಂಡಿ (ಲಿಂಕ್) ಕೊಟ್ಟಿದ್ದಾರೆಂದು ಹುಡುಕುತ್ತಿದ್ದವರಿಗೆ ಮೊದಮೊದಲು ಸಿಕ್ಕ ಸುಳಿವು ಈ ಸಾಲೇ.

ಹುಡುಕಬೇಕಾಗಿ ಬಂದದ್ದು ವೆಬ್ಬಿನ ಕೊಂಡಿ ಏಕಮುಖವಾದ್ದರಿಂದ. ‘ಹೈಪರ್‌ಟೆಕ್ಸ್ಟ್’ ಪದವನ್ನು 1965ರಲ್ಲಿ ಬಳಕೆಗೆ ತಂದ ಟೆಡ್ ನೆಲ್ಸನ್ ಬಯಸಿದ್ದು ಎರಡು ತುದಿಗಳಲ್ಲಿ ಒಂದರ ಪರಿಚಯ ಇನ್ನೊಂದಕ್ಕಿರುವ ಕೊಂಡಿಯನ್ನು. 1989ರಲ್ಲಿ ಜಿನೀವಾ ಬಳಿಯ ಸರ್ನ್ ಸಂಸ್ಥೆಯಲ್ಲಿ ವೆಬ್ಬಿನ ಪ್ರಸ್ತಾವ ಬರೆದ ಟಿಮ್ ಬರ್ನರ್ಸ್-ಲೀ ಆ ಆಸೆಯನ್ನು ಕೈಬಿಟ್ಟರು. ಯಾರು ಬೇಕಾದರೂ ಯಾರಿಗೆ ಬೇಕಾದರೂ ಕೊಂಡಿ ಹಾಕಬಹುದು, ಒಪ್ಪಿಗೆ ಕೇಳಬೇಕಿಲ್ಲ, ಎಲ್ಲವನ್ನೂ ಬರೆದಿಡುವ ಕೇಂದ್ರ ಕಚೇರಿಯೂ ಬೇಕಿಲ್ಲ. ವೆಬ್ ಅಷ್ಟು ಬೇಗ ಹಬ್ಬಿದ್ದು ಈ ಸಡಿಲಿಕೆಯಿಂದಲೇ. ಆದರೆ ಕೊಂಡಿ ಪಡೆದ ಪುಟಕ್ಕೆ ಅದರ ಸುದ್ದಿಯೇ ಇರಲಿಲ್ಲ.

ಮುದ್ರಣಲೋಕ ಈ ತೊಡಕನ್ನು ಆಗಲೇ ಕಂಡಿತ್ತು. ಹಳೆಯ ತೀರ್ಪೊಂದನ್ನು ಮುಂದೆ ಯಾವ ಯಾವ ತೀರ್ಪುಗಳು ಉಲ್ಲೇಖಿಸಿವೆ ಎಂಬ ಪಟ್ಟಿಯನ್ನು ಅಮೆರಿಕದ ವಕೀಲರು 1870ರ ದಶಕದಿಂದಲೇ ಬಳಸುತ್ತಿದ್ದರು. ಅದೇ ಉಪಾಯ ವಿಜ್ಞಾನ ಲೇಖನಗಳಿಗೂ ಒಗ್ಗುತ್ತದೆಂದು ಯುಜೀನ್ ಗಾರ್ಫೀಲ್ಡ್ 1955ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದರು. ಮುಂದೆ ಅವರೇ ‘ಸೈನ್ಸ್ ಸೈಟೇಶನ್ ಇಂಡೆಕ್ಸ್’ ಹೊರತಂದರು.

ವೆಬ್ಬಿನಲ್ಲಿ ರೆಫರರ್ ಸಾಲಿಗೆ ದೊಡ್ಡದೊಂದು ಮಿತಿಯಿತ್ತು. ಯಾರಾದರೂ ಕ್ಲಿಕ್ ಮಾಡಿ ಬಂದರೆ ಮಾತ್ರ ಅದು ದಾಖಲಾಗುತ್ತದೆ. ಯಾರೂ ಒತ್ತದ ಕೊಂಡಿ ಕಾಣುವುದೇ ಇಲ್ಲ. ಎಲ್ಲ ಕೊಂಡಿಗಳೂ ಸಿಗಬೇಕಾದರೆ ಎಲ್ಲ ಪುಟಗಳನ್ನೂ ಓದಬೇಕು. 1995ರ ಡಿಸೆಂಬರ್‌ನಲ್ಲಿ ಬಂದ ಆಲ್ಟವಿಸ್ಟಾ ಶೋಧಯಂತ್ರ ಆ ಕೆಲಸಕ್ಕೆ ಇಳಿದಿತ್ತು. ಅದರಲ್ಲಿ ‘ಲಿಂಕ್’ ಎಂದು ಬರೆದು ವಿಳಾಸ ಕೊಟ್ಟರೆ ಅದಕ್ಕೆ ಕೊಂಡಿ ಹಾಕಿದ ಪುಟಗಳು ಸಾಲುಗಟ್ಟುತ್ತಿದ್ದವು.

ಮರುವರ್ಷ ಸ್ಟ್ಯಾನ್‌ಫರ್ಡ್‌ನಲ್ಲಿ ಲ್ಯಾರಿ ಪೇಜ್ ಕೈಗೆತ್ತಿಕೊಂಡ ಯೋಜನೆಯ ಹೆಸರೇ ‘ಬ್ಯಾಕ್‌ರಬ್’. ಪುಟಕ್ಕೆ ಎಷ್ಟು ಬ್ಯಾಕ್‌ಲಿಂಕ್‌ಗಳಿವೆ, ಅಂದರೆ ಬೇರೆ ಪುಟಗಳಿಂದ ಎಷ್ಟು ಕೊಂಡಿ ಬಂದಿವೆ ಎಂಬುದಷ್ಟೇ ಅಲ್ಲ, ಅವನ್ನು ಕೊಟ್ಟ ಪುಟಗಳ ತೂಕವೆಷ್ಟು ಎಂಬುದನ್ನೂ ಅದು ಲೆಕ್ಕ ಹಾಕುತ್ತಿತ್ತು. ಆ ಲೆಕ್ಕವೇ ಪೇಜ್‌ರ‍್ಯಾಂಕ್; 1998ರಲ್ಲಿ ಆ ಯೋಜನೆ ಗೂಗಲ್ ಕಂಪನಿಯಾಯಿತು.

ಅಲ್ಲಿಂದ ಕೊಂಡಿಗೆ ಬೆಲೆ ಬಂತು, ಬೆಲೆಯ ಹಿಂದೆಯೇ ಕಳ್ಳಮಾಲೂ ಬಂತು.

ಕೊಂಡಿ ಕೊಟ್ಟವರೇ ಕೊಂಡಿ ಪಡೆದವರಿಗೆ ಸುದ್ದಿ ಮುಟ್ಟಿಸಲೆಂದು 2002ರಲ್ಲಿ ಟ್ರ್ಯಾಕ್‌ಬ್ಯಾಕ್, ಪಿಂಗ್‌ಬ್ಯಾಕ್ ಎಂಬ ಏರ್ಪಾಡುಗಳು ಬಂದವು. ನೆಲ್ಸನ್ ಕನಸು ಅರ್ಧ ಕೈಗೂಡಿದಂತಾಯಿತು. ಆದರೆ ಟ್ರ್ಯಾಕ್‌ಬ್ಯಾಕ್‌ನಲ್ಲಿ ಕೊಂಡಿ ನಿಜವಾಗಿ ಇದೆಯೇ ಎಂದು ಪರೀಕ್ಷಿಸುವ ಕ್ರಮವೇ ಇರಲಿಲ್ಲ. ಔಷಧಿ, ಜೂಜಿನ ಜಾಹೀರಾತುಗಳು ಅದೇ ಬಾಗಿಲಿನಿಂದ ಒಳನುಗ್ಗಿದವು. ರೆಫರರ್ ಸಾಲಿನಲ್ಲೇ ಸುಳ್ಳು ವಿಳಾಸ ತುಂಬಿ ಕಳಿಸುವವರೂ ಹುಟ್ಟಿಕೊಂಡರು. 2005ರ ಜನವರಿಯಲ್ಲಿ ಗೂಗಲ್, ಯಾಹೂ, ಎಂಎಸ್‌ಎನ್ ಒಟ್ಟಾಗಿ ‘ನೋಫಾಲೋ’ ಗುರುತನ್ನು ಒಪ್ಪಿಕೊಂಡವು: ಅದು ಅಂಟಿದ ಕೊಂಡಿಯನ್ನು ಶೋಧಯಂತ್ರ ಆಗ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಚಾಪೆಯಡಿ ನುಸುಳುವುದು ನಿಂತಿತೆನ್ನುವಾಗ ರಂಗೋಲಿಯಡಿ ನುಸುಳುವವರು ಎದ್ದರು. ಕೊಂಡಿಗಳ ಕೊಳ್ಳುಕೊಡುಗೆ ತೆರೆಮರೆಯಲ್ಲಿ ಬೆಳೆಯಿತು. 2012ರ ಏಪ್ರಿಲ್‌ನಲ್ಲಿ ಗೂಗಲ್ ‘ಪೆಂಗ್ವಿನ್’ ಮಾರ್ಪಾಡು ತಂದು, ಕೊಂಡ ಕೊಂಡಿಗಳಿಂದ ಮೇಲೇರಿದ್ದ ತಾಣಗಳನ್ನು ಕೆಳಗಿಳಿಸಿತು. ಆ ವರ್ಷದ ಅಕ್ಟೋಬರ್‌ನಲ್ಲಿ ‘ಈ ಕೊಂಡಿ ನಮಗೆ ಬೇಡ’ ಎಂದು ಹೇಳಿಕೊಳ್ಳುವ ಸಾಧನವನ್ನೂ ಒದಗಿಸಿತು. ನಿನ್ನೆಯವರೆಗೆ ಕೊಂಡಿಗಳನ್ನು ಹುಡುಕಿ ಹೆಮ್ಮೆಪಟ್ಟವರು ಈಗ ಅವನ್ನೇ ಹುಡುಕಿ ಕಳಚಿಕೊಳ್ಳತೊಡಗಿದರು.

ಹುಡುಕುವ ಸಾಧನಗಳ ಒಡೆತನವೂ ಬದಲಾಯಿತು. ಯಾವ ತಾಣದ ಕೊಂಡಿಗಳನ್ನಾದರೂ ಪುಕ್ಕಟೆ ತೋರಿಸುತ್ತಿದ್ದ ಯಾಹೂ ಸೈಟ್ ಎಕ್ಸ್‌ಪ್ಲೋರರ್ 2011ರಲ್ಲಿ ಮುಚ್ಚಿತು. ಮೆಜೆಸ್ಟಿಕ್, ಏಚ್‌ರೆಫ್ಸ್, ಮಾಜ್‌ನಂಥ ಕಂಪನಿಗಳು ಪುಟಗಳನ್ನು ಓದುತ್ತ ಸಾಗುವ ತಮ್ಮದೇ ಕ್ರಾಲರ್‌ ತಂತ್ರಾಂಶಗಳನ್ನು ವೆಬ್ಬಿನ ತುಂಬ ಅಲೆದಾಡಿಸಿ, ಸಿಕ್ಕ ಪಟ್ಟಿಯನ್ನು ತಿಂಗಳ ಚಂದಾಕ್ಕೆ ಮಾರುತ್ತವೆ. ಗೂಗಲ್‌ನ ಸರ್ಚ್ ಕನ್ಸೋಲ್ ಉಚಿತ. ಆದರೆ ಅದು ತಾಣದ ಒಡೆಯನಿಗೆ ತೋರಿಸುವುದು ಅವನ ಕೊಂಡಿಗಳನ್ನಷ್ಟೇ, ಅದೂ ಪೂರ್ತಿ ಪಟ್ಟಿಯಲ್ಲ. ಒಂದೊಂದು ಸಾಧನ ಅಲೆದ ದಾರಿ ಒಂದೊಂದಾದ್ದರಿಂದ ಒಂದೇ ತಾಣದ ಲೆಕ್ಕ ಎರಡು ಕಡೆ ಹೊಂದುವುದಿಲ್ಲ.

ಹಳೆಯ ರೆಫರರ್ ಸಾಲು ಈಚೆಗೆ ಮಿತಭಾಷಿಯಾಗಿದೆ. ಓದುಗರ ಖಾಸಗಿತನ ಕಾಯಲೆಂದು ಕ್ರೋಮ್ 2020ರಿಂದ ಬೇರೆ ತಾಣಕ್ಕೆ ಸಾಮಾನ್ಯವಾಗಿ ಪುಟದ ಪೂರ್ಣ ವಿಳಾಸ ಕೊಡದೆ ತಾಣದ ಹೆಸರನ್ನಷ್ಟೇ ಹೇಳುತ್ತದೆ. ವಾಟ್ಸ್ಆ್ಯಪ್ ಗುಂಪಿನಲ್ಲಿ ಹಂಚಿದ ಕೊಂಡಿ ಒತ್ತಿ ಬಂದವರ ಬೆನ್ನಿಗೆ ಬಹುತೇಕ ಅಷ್ಟೂ ಇರುವುದಿಲ್ಲ. ಅಂಕಿಅಂಶದ ಪುಟದಲ್ಲಿ ಅವರು ‘ನೇರವಾಗಿ ಬಂದವರು’.

ಎರಡೂ ತುದಿ ಕಾಣುವ ಕೊಂಡಿ ತಕರಾರಿಲ್ಲದೆ ಉಳಿದಿರುವುದು ವಿಕಿಗಳಲ್ಲಿ. ವಾರ್ಡ್ ಕನಿಂಗ್‌ಹ್ಯಾಮ್ 1995ರಲ್ಲಿ ತೆರೆದ ಮೊದಲ ವಿಕಿಯಲ್ಲಿ ಪುಟದ ತಲೆಬರಹ ಒತ್ತಿದರೆ ಅದನ್ನು ಹೆಸರಿಸಿದ ಪುಟಗಳೆಲ್ಲ ಸಿಗುತ್ತಿದ್ದವು. ಕನ್ನಡ ವಿಕಿಪೀಡಿಯದಲ್ಲೂ ಪ್ರತಿ ಲೇಖನಕ್ಕೆ ಅಂಥದೊಂದು ಪಟ್ಟಿಯಿದೆ. ಅಲ್ಲಿ ಕ್ರಾಲರ್ ಅಲೆಯಬೇಕಿಲ್ಲ, ಚಂದಾ ಕಟ್ಟಬೇಕಿಲ್ಲ: ಎಲ್ಲ ಪುಟಗಳೂ ಒಂದೇ ದತ್ತಸಂಚಯದಲ್ಲಿ ಇರುತ್ತವೆ.