ಬೆಳಿಗ್ಗೆ ಒಂದು ಭಾಷೆ, ಮಧ್ಯಾಹ್ನ ಇನ್ನೊಂದು

ಅಮೆರಿಕದ ಸರ್ಕಾರಿ ಶಾಲೆ ಅಂದರೆ ಇಂಗ್ಲಿಷ್ ಮೀಡಿಯಂ, ಅದರಲ್ಲಿ ಹೇಳೋಕೇನಿದೆ ಅಂತ ನೀವು ಕೇಳಬಹುದು. ಆದರೆ 1963ರ ಸೆಪ್ಟೆಂಬರ್‌ನಲ್ಲಿ ಫ್ಲಾರಿಡಾದ ಮಿಯಾಮಿಯಲ್ಲಿ ಕೋರಲ್ ವೇ ಎಲಿಮೆಂಟರಿ ಅನ್ನೋ ಸರ್ಕಾರಿ ಪ್ರಾಥಮಿಕ ಶಾಲೆ ಅರ್ಧ ದಿನ ಇಂಗ್ಲಿಷ್‌ನಲ್ಲಿ, ಅರ್ಧ ದಿನ ಸ್ಪ್ಯಾನಿಶ್‌ನಲ್ಲಿ ಪಾಠ ಶುರು ಮಾಡಿತು. ವಲಸೆ ಬಂದ ಮಕ್ಕಳಿಗಷ್ಟೇ ಅಲ್ಲ, ಅಲ್ಲೇ ಹುಟ್ಟಿ ಬೆಳೆದ ಇಂಗ್ಲಿಷ್ ಮನೆಮಾತಿನ ಮಕ್ಕಳಿಗೂ. ಆ ಶಾಲೆ ಇವತ್ತಿಗೂ ನಡೀತಿದೆ.

ಎರಡು ಭಾಷೆಯಲ್ಲಿ ಪಾಠ ಮಾಡೋದು ಅಮೆರಿಕಕ್ಕೆ ಹೊಸದೇನಲ್ಲ. ಒಹಾಯೋದ ಸಿನ್ಸಿನಾಟಿಯಲ್ಲಿ 1840ರಲ್ಲೇ ಸರ್ಕಾರಿ ಶಾಲೆಗಳು ಜರ್ಮನ್ ಮತ್ತು ಇಂಗ್ಲಿಷ್ ಎರಡರಲ್ಲೂ ಕಲಿಸುತ್ತಿದ್ದವು. ಮೊದಲ ಮಹಾಯುದ್ಧ ಬಂತು, ಜರ್ಮನ್ ಶತ್ರುಗಳ ಭಾಷೆಯಾಯಿತು, ಎಲ್ಲ ಮುಗಿಯಿತು. ನೆಬ್ರಾಸ್ಕಾದಲ್ಲಿ ರಾಬರ್ಟ್ ಮೇಯರ್ ಅನ್ನೋ ಮೇಷ್ಟ್ರು ಹತ್ತು ವರ್ಷದ ಹುಡುಗನಿಗೆ ಜರ್ಮನ್ ಓದಿಸಿದ ಅಂತ 25 ಡಾಲರ್ ದಂಡ ಹಾಕಿದರು. ಆತ ಸುಪ್ರೀಂ ಕೋರ್ಟಿನವರೆಗೂ ಹೋಗಿ 1923ರಲ್ಲಿ ಗೆದ್ದ. ಆದರೆ ಗೆದ್ದಷ್ಟಕ್ಕೆ ಮುಚ್ಚಿದ ತರಗತಿಗಳು ತೆರೆಯಲಿಲ್ಲ. ಟೆಕ್ಸಾಸ್‌ನಲ್ಲಂತೂ 1918ರ ಕಾನೂನಿನ ಪ್ರಕಾರ ಸರ್ಕಾರಿ ಶಾಲೆಯಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಭಾಷೆಯಲ್ಲಿ ಪಾಠ ಮಾಡೋದೇ ಅಪರಾಧ. ಆಟದ ಮೈದಾನದಲ್ಲಿ ಸ್ಪ್ಯಾನಿಶ್ ಮಾತಾಡಿದ ಮಕ್ಕಳು ಏಟು ತಿಂದ ಕಥೆಗಳು ಅಲ್ಲಿನ ಮೆಕ್ಸಿಕನ್ ಕುಟುಂಬಗಳಲ್ಲಿ ಬೇಕಾದಷ್ಟಿವೆ.

ಹಾಗಿದ್ದ ದೇಶದಲ್ಲಿ ಮಿಯಾಮಿಯ ಶಾಲೆಯೊಂದಕ್ಕೆ ಈ ಧೈರ್ಯ ಎಲ್ಲಿಂದ ಬಂತು?

ಉತ್ತರ ಕ್ಯೂಬಾದಲ್ಲಿದೆ. 1959ರಲ್ಲಿ ಫಿಡೆಲ್ ಕ್ಯಾಸ್ಟ್ರೋ ಅಧಿಕಾರ ಹಿಡಿದ ಮೇಲೆ ಜನ ಸಮುದ್ರ ದಾಟಿ ಮಿಯಾಮಿಗೆ ಬರತೊಡಗಿದರು. ಮೊದಲು ಬಂದವರಲ್ಲಿ ಡಾಕ್ಟರು, ವಕೀಲರು, ವ್ಯಾಪಾರಿಗಳು, ಮೇಷ್ಟ್ರುಗಳು ಹೆಚ್ಚು. 1960ರಿಂದ 1962ರ ನಡುವೆ, 'ಪೆಡ್ರೋ ಪ್ಯಾನ್' ಅನ್ನೋ ಕಾರ್ಯಾಚರಣೆಯಲ್ಲಿ, 14,000ಕ್ಕೂ ಹೆಚ್ಚು ಮಕ್ಕಳು ಅಪ್ಪ ಅಮ್ಮ ಇಲ್ಲದೆ ಒಂಟಿಯಾಗಿ ವಿಮಾನ ಹತ್ತಿ ಬಂದರು. ಶಾಲೆಗಳು ತುಂಬಿ ತುಳುಕಿದವು. ವಿಶೇಷ ಏನಂದ್ರೆ, ಬಂದವರ್ಯಾರೂ ತಾವು ಅಲ್ಲೇ ಉಳೀತೀವಿ ಅಂದ್ಕೊಂಡಿರಲಿಲ್ಲ. ಇವತ್ತಲ್ಲ ನಾಳೆ ಕ್ಯಾಸ್ಟ್ರೋ ಬೀಳ್ತಾನೆ, ನಾವು ಹವಾನಾಗೆ ವಾಪಸ್ ಹೋಗ್ತೀವಿ ಅನ್ನೋದು ಅವರ ನಂಬಿಕೆ. ವಾಪಸ್ ಹೋಗೋ ಮಗು ಸ್ಪ್ಯಾನಿಶ್ ಓದೋದು ಬರೆಯೋದು ಮರೆತರೆ ಹೇಗೆ?

ಡೇಡ್ ಕೌಂಟಿಯ ಶಿಕ್ಷಣ ಇಲಾಖೆಯಲ್ಲಿ ಆಗ ಪಾಲೀನ್ ರೋಹಾಸ್ ಅನ್ನೋ ತಜ್ಞೆ ಇದ್ದರು. ಪೋರ್ಟೊ ರಿಕೊದಲ್ಲಿ ಸ್ಪ್ಯಾನಿಶ್ ಮಾತಾಡೋ ಮಕ್ಕಳಿಗೆ ಇಂಗ್ಲಿಷ್ ಕಲಿಸಿದ ಅನುಭವ ಅವರಿಗಿತ್ತು. ಫೋರ್ಡ್ ಫೌಂಡೇಶನ್ ಹಣ ಕೊಟ್ಟಿತು. ಕೋರಲ್ ವೇ ಶಾಲೆಯನ್ನು ಆರಿಸಿಕೊಂಡರು. ಕ್ಯೂಬನ್ನರು ಹೆಚ್ಚಾಗಿ ನೆಲೆಸಿದ 'ಲಿಟಲ್ ಹವಾನಾ' ಪಕ್ಕದಲ್ಲೇ, ಮಧ್ಯಮ ವರ್ಗದ ಬಡಾವಣೆಯಲ್ಲಿರೋ ಶಾಲೆ ಅದು.

ಶಾಲೆ ನಡೆದ ಬಗೆ ಸರಳ. ಬೆಳಿಗ್ಗೆ ಪ್ರತಿ ಮಗುವಿಗೂ ಮನೆಮಾತಿನಲ್ಲಿ ಪಾಠ. ಮಧ್ಯಾಹ್ನ ಅದೇ ವಿಷಯ ಇನ್ನೊಂದು ಭಾಷೆಯಲ್ಲಿ ಮತ್ತೆ. ಬೆಳಿಗ್ಗೆ ಸ್ಪ್ಯಾನಿಶ್‌ನಲ್ಲಿ ಕೂಡೋದು ಕಳೆಯೋದು ಕಲಿತ ಹುಡುಗಿಗೆ ಮಧ್ಯಾಹ್ನ ಹೊಸದಾಗಿ ಬೇಕಾಗಿದ್ದು ಇಂಗ್ಲಿಷ್ ಪದಗಳು ಮಾತ್ರ, ಲೆಕ್ಕ ಆಗಲೇ ತಲೆಗೆ ಹೋಗಿರುತ್ತಿತ್ತು. ಊಟ, ಸಂಗೀತ, ಚಿತ್ರಕಲೆ, ಆಟದ ಹೊತ್ತಿನಲ್ಲಿ ಎರಡೂ ಗುಂಪು ಒಟ್ಟಿಗೆ. ಅಲ್ಲಿ ಯಾವ ಭಾಷೆ ಬೇಕಾದರೂ ಆಡಬಹುದು. ಇಂಗ್ಲಿಷ್ ಕಲಿಸೋಕೆ ಅಮೆರಿಕನ್ ಟೀಚರ್, ಸ್ಪ್ಯಾನಿಶ್ ಕಲಿಸೋಕೆ ಕ್ಯೂಬನ್ ಟೀಚರ್. ಇಬ್ಬರೂ ಕೂತು ಮಾತಾಡಿಕೊಂಡು ಪಾಠ ಹೊಂದಿಸಿಕೊಳ್ಳಬೇಕು, ಇಲ್ಲಾಂದ್ರೆ ಮಧ್ಯಾಹ್ನದ ಪಾಠಕ್ಕೂ ಬೆಳಗಿನ ಪಾಠಕ್ಕೂ ತಾಳ ಕೂಡಲ್ಲ. ಮೊದಲ ವರ್ಷ ಒಂದರಿಂದ ಮೂರನೇ ತರಗತಿಗೆ ಮಾತ್ರ, ಆಮೇಲೆ ವರ್ಷಕ್ಕೊಂದು ತರಗತಿಯಂತೆ ಮೇಲಕ್ಕೆ.

ಬರೀ ಇಂಗ್ಲಿಷ್ ಸಾಕು ಅನ್ನೋ ಪೋಷಕರಿಗೆ ಆ ಆಯ್ಕೆಯೂ ಇತ್ತು. ಅದನ್ನು ಆರಿಸಿಕೊಂಡವರು ಎಷ್ಟು ಕಡಿಮೆ ಅಂದ್ರೆ, ಬೇಗನೆ ಇಡೀ ಶಾಲೆಯೇ ದ್ವಿಭಾಷಾ ಶಾಲೆಯಾಯಿತು. ರಷ್ಯಾ ಸ್ಪುಟ್ನಿಕ್ ಹಾರಿಸಿದ ಮೇಲೆ ವಿದೇಶಿ ಭಾಷೆ ಕಲಿಯೋದು ದೇಶಕ್ಕೆ ಒಳ್ಳೇದು ಅನ್ನೋ ಗಾಳಿ ಅಮೆರಿಕದಲ್ಲಿ ಬೀಸುತ್ತಿತ್ತು. 1958ರ ರಾಷ್ಟ್ರೀಯ ರಕ್ಷಣಾ ಶಿಕ್ಷಣ ಕಾಯ್ದೆ ಅದಕ್ಕೆ ದುಡ್ಡೂ ಕೊಟ್ಟಿತ್ತು.

ಸರಿ, ಮಕ್ಕಳು ಕಲಿತರಾ? ಮೊದಲ ಮೂರು ವರ್ಷಗಳ ಫಲಿತಾಂಶವನ್ನು ಮೇಬಲ್ ರಿಚರ್ಡ್ಸನ್ ಅಧ್ಯಯನ ಮಾಡಿ 1968ರಲ್ಲಿ ಡಾಕ್ಟರೇಟ್ ಪ್ರಬಂಧ ಬರೆದರು. ಇಂಗ್ಲಿಷ್ ಮತ್ತು ಗಣಿತದಲ್ಲಿ ಕೋರಲ್ ವೇ ಮಕ್ಕಳು ಬರೀ ಇಂಗ್ಲಿಷ್‌ನಲ್ಲಿ ಓದಿದ ಮಕ್ಕಳಿಗೆ ಸಮನಾಗಿದ್ದರು. ಅಂದರೆ ದಿನದ ಅರ್ಧ ಹೊತ್ತು ಇಂಗ್ಲಿಷ್ ಕಡಿಮೆ ಆದರೂ ಇಂಗ್ಲಿಷ್ ಕೆಡಲಿಲ್ಲ, ಮೇಲಿಂದ ಇನ್ನೊಂದು ಭಾಷೆ ಬಂತು. ಆದರೆ ಎರಡನೇ ಭಾಷೆ ಇನ್ನೂ ಮೊದಲ ಭಾಷೆಯಷ್ಟು ಗಟ್ಟಿಯಾಗಿರಲಿಲ್ಲ. 1977ರಲ್ಲಿ ವಿಲಿಯಂ ಮ್ಯಾಕಿ ಮತ್ತು ವಾನ್ ನೀಡಾ ಬೀಬಿ ಮಿಯಾಮಿಯ ದ್ವಿಭಾಷಾ ಶಾಲೆಗಳ ಬಗ್ಗೆ ಪುಸ್ತಕ ತಂದಾಗ ಇನ್ನೊಂದು ಸಂಗತಿಯೂ ಎದ್ದು ಕಂಡಿತು. ಕ್ಯೂಬನ್ ಮಕ್ಕಳು ಎರಡೂ ಭಾಷೆಯಲ್ಲಿ ಚೆನ್ನಾಗಿ ಓದುತ್ತಿದ್ದರು; ಇಂಗ್ಲಿಷ್ ಮನೆಮಾತಿನ ಮಕ್ಕಳ ಸ್ಪ್ಯಾನಿಶ್ ಮಾತ್ರ ಆ ಮಟ್ಟಕ್ಕೆ ಏರಲಿಲ್ಲ. ಆಶ್ಚರ್ಯ ಏನಿಲ್ಲ. ಇಂಗ್ಲಿಷ್ ಬೀದಿಯಲ್ಲಿದೆ, ಟೀವಿಯಲ್ಲಿದೆ, ಮುಂದೆ ಸಿಗೋ ಕೆಲಸದಲ್ಲಿದೆ. ಶಾಲೆ ಎರಡೂ ಭಾಷೆಗೆ ಸಮಪಾಲು ಕೊಡಬಹುದು, ಊರು ಕೊಡಬೇಕಲ್ಲ!

ಇಲ್ಲಿ ಇನ್ನೊಂದು ಮಾತು ಹೇಳದೆ ಮುಂದೆ ಹೋದರೆ ಈ ಇತಿಹಾಸ ಅರ್ಧಂಬರ್ಧ ಆಗುತ್ತೆ. 1963ರ ಮಿಯಾಮಿಯಲ್ಲಿ ಕರಿಯರ ಮಕ್ಕಳ ಶಾಲೆಗಳು ಬಹುತೇಕ ಬೇರೆಯೇ ಇದ್ದವು. ತಲೆಮಾರುಗಳಿಂದ ಅದೇ ಊರಲ್ಲಿದ್ದ ಕರಿಯ ಮಗುವಿಗೆ ಸಿಗದ ಬೆಂಚು ನಿನ್ನೆ ಬಂದಿಳಿದ ಕ್ಯೂಬನ್ ಮಗುವಿಗೆ ಸಿಕ್ಕಿತು. ಟೆಕ್ಸಾಸ್‌ನ ಮೆಕ್ಸಿಕನ್ ಮಕ್ಕಳು ಇದೇ ಸ್ಪ್ಯಾನಿಶ್ ಮಾತಾಡಿ ಏಟು ತಿಂದರು, ಮಿಯಾಮಿಯ ಮಕ್ಕಳಿಗೆ ಅದೇ ಭಾಷೆಯಲ್ಲಿ ಪುಸ್ತಕ ಸಿಕ್ಕಿತು. ಮಿಯಾಮಿಗೆ ಬಂದವರು ಓದಿದವರು, ಹೆಚ್ಚಿನವರು ಬಿಳಿಯರು, ಅಮೆರಿಕದ ಶತ್ರುವಿನಿಂದ ಓಡಿಬಂದವರು. ಭಾಷೆಗೆ ಸಿಕ್ಕ ಗೌರವ ಅದನ್ನಾಡುವವರ ಸ್ಥಾನಮಾನದಿಂದ ಬಂದಿದ್ದು.

ಕೋರಲ್ ವೇಯ ಯಶಸ್ಸು ವಾಷಿಂಗ್ಟನ್‌ವರೆಗೂ ತಲುಪಿತು. ಟೆಕ್ಸಾಸ್‌ನ ಸೆನೆಟರ್ ರಾಲ್ಫ್ ಯಾರ್ಬರೋ ಮಂಡಿಸಿದ ದ್ವಿಭಾಷಾ ಶಿಕ್ಷಣ ಕಾಯ್ದೆಗೆ 1968ರ ಜನವರಿಯಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಸಹಿ ಹಾಕಿದರು. ಈ ಜಾನ್ಸನ್ ಯುವಕನಾಗಿದ್ದಾಗ ಟೆಕ್ಸಾಸ್‌ನ ಕೊಟುಲ್ಲ ಅನ್ನೋ ಊರಲ್ಲಿ ಮೆಕ್ಸಿಕನ್ ಮಕ್ಕಳಿಗೆ ಮೇಷ್ಟ್ರಾಗಿದ್ದವರು. ಆದರೆ ಕಾಯ್ದೆಯಲ್ಲಿ ಕೋರಲ್ ವೇಯ ಮುಖ್ಯ ತಿರುಳೇ ಸೋರಿಹೋಯಿತು. ಕಾಯ್ದೆ ಇದ್ದದ್ದು ಇಂಗ್ಲಿಷ್ ಸರಿಯಾಗಿ ಬಾರದ ಬಡ ಮಕ್ಕಳಿಗಾಗಿ. ಎಲ್ಲ ಮಕ್ಕಳೂ ಎರಡು ಭಾಷೆ ಕಲೀಲಿ ಅನ್ನೋ ಆಸೆ ಹೋಗಿ, ಇವರಿಗೆ ಇಂಗ್ಲಿಷ್ ಬರೋ ತನಕ ಹೇಗೋ ಸುಧಾರಿಸೋಣ ಅನ್ನೋ ಏರ್ಪಾಟು ಬಂತು. ಒಂದು ಕಡೆ ಇನ್ನೊಂದು ಭಾಷೆ ಹೆಮ್ಮೆ, ಇನ್ನೊಂದು ಕಡೆ ಕಾಯಿಲೆ.

ಮಿಯಾಮಿಯೂ ಬದಲಾಯಿತು. 1973ರಲ್ಲಿ ಡೇಡ್ ಕೌಂಟಿ ತಾನು ದ್ವಿಭಾಷಾ ಪ್ರದೇಶ ಅಂತ ಅಧಿಕೃತವಾಗಿ ಘೋಷಿಸಿಕೊಂಡಿತ್ತು. 1980ರಲ್ಲಿ ಮರಿಯಲ್ ಬಂದರಿನಿಂದ ಸುಮಾರು 1,25,000 ಕ್ಯೂಬನ್ನರು ದೋಣಿಗಳಲ್ಲಿ ಬಂದಿಳಿದರು. ಈ ಸಲ ಬಂದವರಲ್ಲಿ ಬಡವರು ಹೆಚ್ಚು. ಅದೇ ನವೆಂಬರ್‌ನಲ್ಲಿ ಮತದಾರರು ಕೌಂಟಿಯ ಹಣವನ್ನು ಇಂಗ್ಲಿಷ್ ಬಿಟ್ಟು ಬೇರೆ ಭಾಷೆಗೆ ಖರ್ಚು ಮಾಡಬಾರದು ಅಂತ ನಿಯಮ ತಂದರು. ಅದು ರದ್ದಾಗಿದ್ದು 1993ರಲ್ಲಿ. ಇಷ್ಟೆಲ್ಲ ಆದರೂ ಕೋರಲ್ ವೇಯಲ್ಲಿ ಸ್ಪ್ಯಾನಿಶ್ ಪಾಠ ನಿಲ್ಲಲಿಲ್ಲ. ಮುಂದೆ ಅದು ಎಂಟನೇ ತರಗತಿವರೆಗೆ ಬೆಳೆಯಿತು.

ಈ ಶಾಲೆಯ ಹಳೇ ವಿದ್ಯಾರ್ಥಿಗಳ, ಟೀಚರ್‌ಗಳ ನೆನಪುಗಳನ್ನು ಸಂಗ್ರಹಿಸಿದವರಲ್ಲಿ ರಿಚರ್ಡ್ ರೂಯಿಜ್ ಒಬ್ಬರು. 1984ರಲ್ಲೇ ಅವರು ಒಂದು ವಿಚಾರ ಮುಂದಿಟ್ಟಿದ್ದರು: ಸಮಾಜ ಭಾಷೆಯನ್ನು ಮೂರು ರೀತಿ ನೋಡಬಹುದು – ಸಮಸ್ಯೆಯಾಗಿ, ಹಕ್ಕಾಗಿ, ಸಂಪನ್ಮೂಲವಾಗಿ. 1968ರ ಕಾಯ್ದೆ ಮೊದಲನೆಯ ರೀತಿಯದು. ಕೋರಲ್ ವೇ ಮೂರನೆಯದು.

ಈ ಮೂರನೇ ನೋಟ ನಮ್ಮಲ್ಲಿ ಕಾಣೋದು ಅಪರೂಪ. 2019ರಲ್ಲಿ ಕರ್ನಾಟಕದ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ಶುರು ಮಾಡ್ತೀವಿ ಅಂದಾಗ ಜಗಳ ನಡೆದದ್ದು ಕನ್ನಡವಾ ಇಂಗ್ಲಿಷಾ ಅಂತ. ಎರಡನ್ನೂ ಸರಿಯಾಗಿ ಕಲಿಸೋಕೆ ಎಷ್ಟು ಟೀಚರ್ ಬೇಕು, ಅವರು ಕೂತು ಮಾತಾಡೋಕೆ ವಾರಕ್ಕೆ ಎಷ್ಟು ಗಂಟೆ ಬೇಕು ಅನ್ನೋ ಪ್ರಶ್ನೆಗಳು ಆ ಗದ್ದಲದಲ್ಲಿ ಕೇಳಿಸಲಿಲ್ಲ. ಕೋರಲ್ ವೇ ನಡೆದದ್ದು ಆ ಸಣ್ಣ ಪ್ರಶ್ನೆಗಳಿಗೆ ದುಡ್ಡು, ಸಮಯ ಎರಡನ್ನೂ ಕೊಟ್ಟಿದ್ದರಿಂದ. ಇನ್ನೂ ಒಂದು ಯೋಚನೆ ಬರುತ್ತೆ. ಬೆಂಗಳೂರಿನಲ್ಲಿ ಅಂಥ ಒಂದು ಸರ್ಕಾರಿ ಶಾಲೆ ಇದ್ದಿದ್ದರೆ, ಬೇರೆ ರಾಜ್ಯದಿಂದ ಬಂದ ನಿಮ್ಮ ಸಹೋದ್ಯೋಗಿಯ ಮಗಳು ಮಧ್ಯಾಹ್ನದ ಹೊತ್ತು ವಿಜ್ಞಾನವನ್ನು ಕನ್ನಡದಲ್ಲಿ ಓದುತ್ತಿದ್ದಳು. ಪಕ್ಕದ ಬೆಂಚಲ್ಲಿ ನಿಮ್ಮ ಮಗನನ್ನು ಕೂರಿಸೋಕೆ ನೀವು ತಯಾರಿದ್ದೀರಾ? 1963ರಲ್ಲಿ ಮಿಯಾಮಿಯ ಆ ಬಡಾವಣೆಯ ಇಂಗ್ಲಿಷ್ ಕುಟುಂಬಗಳು ಹೂಂ ಅಂದಿದ್ದವು.