ಬ್ಯಾಂಕು ಮತ್ತು ಕಟ್ಟೆ

ಇಂಗ್ಲೀಷಿನಿಂದ ಬಂದು ನಮ್ಮ ಗ್ರಾಮಗಳಲ್ಲಿ ನೆಲೆಯೂರಿದ ಶಬ್ದಗಳಲ್ಲಿ ‘ಬ್ಯಾಂಕು’ ಎಂಬುದೊಂದು. ಸಂತೆಮರಹಳ್ಳಿಯ ಸಂತೆಯಲ್ಲಿ ಸೊಪ್ಪು ಮಾರುವ ಮುದುಕಿಗೂ ಅದರ ಅರ್ಥವನ್ನು ಬೋಧಿಸಬೇಕಾಗಿಲ್ಲ. ಆದರೆ ಶಾಲೆಯ ಬಾಲಕನು ನದಿಗೂ ಬ್ಯಾಂಕು ಉಂಟೆಂದು ಪಾಠದಲ್ಲಿ ಓದಿದಾಗ ತಬ್ಬಿಬ್ಬಾಗುತ್ತಾನೆ. ಉಪಾಧ್ಯಾಯರು ‘ಅದು ಬೇರೆ ಅರ್ಥ, ಬಾಯಿಪಾಠ ಮಾಡು’ ಎಂದುಬಿಟ್ಟರೆ, ಇಂಗ್ಲೀಷಿಗೆ ನಿಯಮವೇ ಇಲ್ಲವೆಂಬ ಭೀತಿಯು ಅವನ ಮನಸ್ಸಿನಲ್ಲಿ ಬೇರೂರಿ, ಓದಿನಿಂದಲೇ ವಿಮುಖನಾಗುವುದುಂಟು. ಆದಕಾರಣ ಈ ಶಬ್ದದ ಚರಿತ್ರೆಯನ್ನು ಇಲ್ಲಿ ವಿಚಾರಿಸೋಣ.

ಪ್ರಾಚೀನ ಜರ್ಮಾನಿಕ್ ಭಾಷೆಗಳಲ್ಲಿ ದಿಬ್ಬವನ್ನೂ ಎತ್ತರದ ಆಸನವನ್ನೂ ಸೂಚಿಸುವ ಮೂಲಶಬ್ದವೊಂದಿದ್ದಿತು. ಅದರ ಒಂದು ಕವಲು ಸ್ಕ್ಯಾಂಡಿನೇವಿಯದವರ ಮೂಲಕ ಇಂಗ್ಲೀಷನ್ನು ಸೇರಿ ನದಿಯ ದಂಡೆಯಾಯಿತು. ಕಬಿನಿಯ ಬಲದಂಡೆ ನಾಲೆಗೆ ಇಂಗ್ಲೀಷಿನಲ್ಲಿರುವ ಹೆಸರಿನಲ್ಲಿ ಈ ಅರ್ಥವೇ ಇರುವುದು. ಎರಡನೆಯ ಕವಲು ‘ಬೆಂಚು’. ಶಾಲೆಯ ಮಕ್ಕಳು ಕೂರುವುದೂ ಇದರ ಮೇಲೆಯೇ. ನ್ಯಾಯಾಧೀಶರ ಪೀಠಕ್ಕೂ ಇದೇ ಹೆಸರು. ಮೂರನೆಯ ಕವಲು ಇಟಲಿಗೆ ಹೋಯಿತು. ಅಲ್ಲಿನ ಪಟ್ಟಣಗಳಲ್ಲಿ ನಾಣ್ಯ ಬದಲಾಯಿಸುವ ವರ್ತಕರು ಮಣೆಯನ್ನು ಹಾಕಿಕೊಂಡು ವ್ಯವಹರಿಸುತ್ತಿದ್ದರು. ಮಣೆಯ ಹೆಸರು ವ್ಯವಹಾರಕ್ಕೆ ಸಂದು, ಫ್ರೆಂಚಿನ ಮೂಲಕ 15ನೆಯ ಶತಮಾನದಲ್ಲಿ ಇಂಗ್ಲೀಷನ್ನು ಸೇರಿತು. ದಿವಾಳಿಯನ್ನು ಹೇಳುವ ‘ಬ್ಯಾಂಕ್ರಪ್ಟ್’ ಎಂಬುದರ ಇಟಾಲಿಯನ್ ಮೂಲಕ್ಕೆ ಮುರಿದ ಮಣೆಯೆಂದೇ ಅರ್ಥ. 1937ರಲ್ಲಿ ಅಮೆರಿಕದ ಷಿಕಾಗೋ ನಗರದ ವೈದ್ಯ ಬರ್ನಾರ್ಡ್ ಫ್ಯಾಂಟಸ್‌ರವರು ರಕ್ತಸಂಗ್ರಹಾಲಯಕ್ಕೂ ಇದೇ ಹೆಸರನ್ನಿಟ್ಟರು.

ಇದರಲ್ಲಿ ಆಶ್ಚರ್ಯವೇನು? ನಮ್ಮ ‘ಕಟ್ಟೆ’ಯನ್ನು ನೋಡಿರಿ. ನೀರನ್ನು ತಡೆಯುವುದು ಕಟ್ಟೆ. ಅರಳಿಯ ಬುಡದ ಜಗಲಿ ಕಟ್ಟೆ. ಹಣ ವಸೂಲಾಗುವ ಸ್ಥಳ ಸುಂಕದ ಕಟ್ಟೆ. ಕುಲದ ನ್ಯಾಯ ತೀರುವ ಸ್ಥಳ ಕಟ್ಟೆಮನೆ. ನೀರು, ಆಸನ, ಹಣ, ನ್ಯಾಯ ಈ ನಾಲ್ಕನ್ನೂ ಇಂಗ್ಲೀಷಿನಲ್ಲಿ ಒಂದು ಬೀಜದ ಶಬ್ದಗಳೂ ಕನ್ನಡದಲ್ಲಿ ಒಂದೇ ಶಬ್ದವೂ ಹೊತ್ತಿವೆ. ಪರಸ್ಪರ ಸಂಬಂಧವಿಲ್ಲದ ಎರಡು ಭಾಷೆಗಳ ಜನರು ಒಂದೇ ದಾರಿಯಲ್ಲಿ ಆಲೋಚಿಸಿದರು.

ಇಲ್ಲಿ ಒಂದು ಎಚ್ಚರಿಕೆ ಅವಶ್ಯಕ. ಸಂಸ್ಕೃತದ ‘ಬಂಧ’ದಿಂದಲೇ ‘ಬ್ಯಾಂಕು’ ಹುಟ್ಟಿತೆಂದು ಹೇಳಲು ನಮ್ಮವರಿಗೆ ಆಸೆಯಾಗಬಹುದು. ಧ್ವನಿಸಾಮ್ಯವು ಪ್ರಮಾಣವಲ್ಲ. ಇಂಜಿನಿಯರುಗಳು ಕೆರೆಯ ಏರಿಗೆ ಹೇಳುವ ‘ಬಂಡ್’ ಎಂಬುದು ಮಾತ್ರ ಪಾರಸಿಯ ಮೂಲಕ ಬಂದ ಬಂಧದ ನಂಟ. ಸಂಸ್ಕೃತದ ‘ಸೇತು’ವಿನ ಧಾತುವಿಗೂ ಬಂಧನವೇ ಅರ್ಥ, ಕನ್ನಡದ ‘ಕಟ್ಟೆ’ಯೂ ಕಟ್ಟುವುದರಿಂದಲೇ ಬಂದುದು. ಅರ್ಥದ ಈ ಸಾಮ್ಯವು ನಿಜವಾದುದು, ಮನೋಹರವಾದುದು. ಅದಕ್ಕೆ ಸುಳ್ಳು ವಂಶಾವಳಿಯ ಆಸರೆ ಬೇಕಿಲ್ಲ.

1913ರಲ್ಲಿ ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಮೈಸೂರು ಬ್ಯಾಂಕು ಸ್ಥಾಪಿತವಾಯಿತು. 2017ರಲ್ಲಿ ಅದು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ಲೀನವಾದರೂ ಶಬ್ದವು ಕನ್ನಡದಲ್ಲೇ ಉಳಿದಿದೆ. ಅದನ್ನು ಓಡಿಸಿ ಹೊಸ ಸಂಸ್ಕೃತಪದವನ್ನು ಕೂರಿಸುವ ಶ್ರಮವು ನನಗೆ ಉಚಿತವಾಗಿ ತೋರದು. ಅದಕ್ಕಿಂತ, ಉಪಾಧ್ಯಾಯರು ಇಂಗ್ಲೀಷಿನ ನಾನಾರ್ಥಗಳನ್ನು ಬೋಧಿಸುವಾಗ ಮಕ್ಕಳನ್ನು ಮೊದಲು ಊರಿನ ಕಟ್ಟೆಗೆ ಕರೆದೊಯ್ದು, ಈ ಹೆಸರು ಎಲ್ಲೆಲ್ಲಿ ಸಲ್ಲುತ್ತದೆಂದು ಅವರಿಂದಲೇ ಹೇಳಿಸಲಿ. ತನ್ನ ಮಾತಿನಲ್ಲಿ ಕ್ರಮವನ್ನು ಕಂಡ ಬಾಲಕನು ಪರಭಾಷೆಗೆ ಹೆದರುವುದಿಲ್ಲ.